ತಿರುವಾರೂರಿನ ಇಬ್ಬರು: ತ್ಯಾಗರಾಜರೂ ದೀಕ್ಷಿತರೂ ಕಲಿತ ಬಗೆ

ಕಾವೇರಿ ಬಯಲಿನ ತಿರುವಾರೂರಿನಲ್ಲಿ ತ್ಯಾಗರಾಜಸ್ವಾಮಿಯ ಗುಡಿ ಎಷ್ಟು ದೊಡ್ಡದೋ ಅದರ ಮಗ್ಗುಲಿನ ಕಮಲಾಲಯ ಕೊಳವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. 1762ರಿಂದ 1776ರೊಳಗೆ ಈ ಊರಿನಲ್ಲಿ ಶ್ಯಾಮಾಶಾಸ್ತ್ರಿ, ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ ಎಂಬ ಮೂವರು ಹುಟ್ಟಿದರು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳೆಂದು ಮೂವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಒಂದೇ ಪಟದಲ್ಲಿ ಕೂರಿಸಿ ಹಾರ ಹಾಕುವ ರೂಢಿ ಬಂದಿದೆ. ಪಟ ನೋಡಿದವರಿಗೆ ಇವರೆಲ್ಲ ಒಂದೇ ಪಾಠಶಾಲೆಯಿಂದ ಎದ್ದು ಬಂದವರಂತೆ ಕಾಣುವುದು ಸಹಜ. ತ್ಯಾಗರಾಜರು ಮತ್ತು ದೀಕ್ಷಿತರ ಮಟ್ಟಿಗಂತೂ ಅದು ನಿಜವಲ್ಲ. ಹುಟ್ಟಿದ ಊರು ಒಂದೇ, ಇಬ್ಬರಿಗೂ ತಂದೆಯೇ ಮೊದಲ ಗುರು. ಅಲ್ಲಿಂದ ಮುಂದೆ ಒಬ್ಬರು ಕಲಿತದ್ದು ಹೆಚ್ಚಾಗಿ ಮನೆಯಲ್ಲಿ, ಬೀದಿಯಲ್ಲಿ, ಭಜನೆಯಲ್ಲಿ. ಇನ್ನೊಬ್ಬರು ಕಲಿತದ್ದು ಲಕ್ಷಣಗ್ರಂಥದಿಂದ, ವೀಣೆಯಿಂದ ಮತ್ತು ಸಾವಿರಾರು ಮೈಲಿಯ ದಾರಿಯಿಂದ.

ತ್ಯಾಗರಾಜರು ಹುಟ್ಟಿದ್ದು 1767ರ ಮೇ 4ರಂದು. ತಮಿಳು ನೆಲದಲ್ಲಿ ನೆಲೆಸಿದ್ದ ಮುಲುಕನಾಡು ಪಂಗಡದ ತೆಲುಗು ಬ್ರಾಹ್ಮಣ ಕುಟುಂಬ ಅವರದು. ಕಾಕರ್ಲ ಎಂಬ ಮನೆತನದ ಹೆಸರೇ ಆಂಧ್ರದ ಒಂದು ಹಳ್ಳಿಯದು. ಹುಡುಗನಿಗೆ ಊರದೇವರ ಹೆಸರನ್ನೇ ಇಟ್ಟರು. ದೀಕ್ಷಿತರು ಅವರಿಗಿಂತ ಎಂಟೊಂಬತ್ತು ವರ್ಷ ಚಿಕ್ಕವರು. ಅವರ ಜನ್ಮವರ್ಷವನ್ನು ಬಹಳ ಪುಸ್ತಕಗಳು 1775 ಎಂದೇ ಮುದ್ರಿಸುತ್ತ ಬಂದಿವೆ. ಆದರೆ ಮನೆತನದವರು ಉಳಿಸಿಕೊಂಡು ಬಂದ ವಿವರ ಮನ್ಮಥ ಸಂವತ್ಸರ, ಮೀನಮಾಸ, ಕೃತ್ತಿಕಾ ನಕ್ಷತ್ರ. 1775ರಲ್ಲಿ ಶುರುವಾದ ಮನ್ಮಥ ಸಂವತ್ಸರಕ್ಕೆ ಮೀನಮಾಸ ಕೊನೆಯ ತಿಂಗಳು, ಆದ್ದರಿಂದ ಲೆಕ್ಕ ಹಾಕಿದರೆ ಸಿಗುವುದು 1776ರ ಮಾರ್ಚ್. ಬಹುಕಾಲ ಮಕ್ಕಳಿಲ್ಲದ ತಂದೆತಾಯಿ ವೈದ್ಯೇಶ್ವರನ್ ಕೋಯಿಲಿನಲ್ಲಿ ವ್ರತ ಹಿಡಿದ ಮೇಲೆ ಹುಟ್ಟಿದ ಮಗುವೆಂದು ಅಲ್ಲಿನ ಸುಬ್ರಹ್ಮಣ್ಯನಾದ ಮುತ್ತುಕುಮಾರಸ್ವಾಮಿಯ ಹೆಸರು ಬಂತು. ಕೃತ್ತಿಕೆಯೂ ಸುಬ್ರಹ್ಮಣ್ಯನ ನಕ್ಷತ್ರವೇ. ಮುಂದೆ ಆ ದೇವರೇ ದೀಕ್ಷಿತರ ಅಂಕಿತದಲ್ಲಿ ಬಂದು ಕೂತ.

ಅದು ನೆಮ್ಮದಿಯ ಕಾಲವೇನೂ ಆಗಿರಲಿಲ್ಲ. ತಂಜಾವೂರಿನಲ್ಲಿ ಮರಾಠ ದೊರೆ ಎರಡನೆಯ ತುಳಜಾಜಿಯ ಆಳ್ವಿಕೆ. 1773ರಲ್ಲಿ ಆರ್ಕಾಟಿನ ನವಾಬ ಇಂಗ್ಲಿಷರ ನೆರವಿನಿಂದ ತಂಜಾವೂರನ್ನು ಹಿಡಿದ, ದೊರೆಗೆ ರಾಜ್ಯ ಮರಳಿ ಸಿಕ್ಕಿದ್ದು 1776ರಲ್ಲಿ. 1781ರಲ್ಲಿ ಹೈದರಾಲಿಯ ಸೈನ್ಯ ಬಯಲುಸೀಮೆಯನ್ನು ತುಳಿಯಿತು. ಇಷ್ಟಾದರೂ ಸಂಗೀತ ನಿಲ್ಲಲಿಲ್ಲ. ನಾಯಕ ಅರಸರ ಕಾಲದಿಂದ ಬೇರುಬಿಟ್ಟ ವಿದ್ಯೆ ಅದು, ಆ ಬೇರಿನಲ್ಲಿ ಕನ್ನಡದ ಪಾಲೂ ಇದೆ. ತಂಜಾವೂರಿನ ನಾಯಕರಿಗೆ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮನೆಮಾತಿನವರು. ಅವರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ‘ಚತುರ್ದಂಡಿಪ್ರಕಾಶಿಕೆ’ ಬರೆದು, ಹನ್ನೆರಡು ಸ್ವರಸ್ಥಾನಗಳಿಂದ 72 ಮೇಳಗಳು, ಎಂದರೆ ರಾಗಗಳಿಗೆ ಮೂಲವಾದ ಸ್ವರಗುಂಪುಗಳು, ಹೇಗೆ ಹುಟ್ಟುತ್ತವೆಂದು ಲೆಕ್ಕ ಕಟ್ಟಿ ತೋರಿಸಿದವರು. ಈ ಇಬ್ಬರು ಹುಡುಗರ ಕಾಲಕ್ಕೆ ಬಾಲಪಾಠವೆಂದರೆ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ, ಜಂಟಿ, ಅಲಂಕಾರಗಳ ಕ್ರಮ. ರಾಗ ಮಾಯಾಮಾಳವಗೌಳ. ಮೊದಲ ಮೆಟ್ಟಿಲು ಇಬ್ಬರಿಗೂ ಅದೇ.

ತ್ಯಾಗರಾಜರ ತಂದೆ ರಾಮಬ್ರಹ್ಮಂ ತಂಜಾವೂರಿನ ಅರಮನೆಯಲ್ಲಿ ರಾಮಾಯಣ ಪ್ರವಚನ ಮಾಡುತ್ತಿದ್ದವರು. ಮಗ ಇನ್ನೂ ಚಿಕ್ಕವನಿರುವಾಗಲೇ ಸಂಸಾರ ತಿರುವಾರೂರು ಬಿಟ್ಟು, ತಂಜಾವೂರಿಗೆ 13 ಕಿಲೋಮೀಟರ್ ದೂರದ ತಿರುವೈಯಾರಿಗೆ ಬಂತು. ಐದು ನದಿಗಳ ಊರು ಎಂಬುದು ಆ ಹೆಸರಿನ ಅರ್ಥ, ಕನ್ನಡದ ಪುಸ್ತಕಗಳಲ್ಲಿ ಅದೇ ಪಂಚನದ ಕ್ಷೇತ್ರ. ತಿರುಮಂಜನ ಬೀದಿಯ ಮನೆಯಿಂದ ಕಾವೇರಿಗೆ ನಾಲ್ಕು ಹೆಜ್ಜೆ. ವೃದ್ಧಾಪ್ಯದಲ್ಲಿ ಕಾಂಚಿ, ತಿರುಪತಿ, ಮದರಾಸಿನ ಕಡೆಗೆ ಹೋಗಿಬಂದದ್ದನ್ನು ಬಿಟ್ಟರೆ ತ್ಯಾಗರಾಜರ ಬದುಕೆಲ್ಲ ಇಲ್ಲೇ ಕಳೆಯಿತು, 1847ರಲ್ಲಿ ಇಲ್ಲೇ ಮುಗಿಯಿತು.

ಈ ಮನೆಯಲ್ಲಿ ರಾಮಾಯಣ ಬೇರೆಯಾಗಿ ಕಲಿಸಬೇಕಾದ ವಿಷಯವೇ ಆಗಿರಲಿಲ್ಲ. ಅಪ್ಪ ಪ್ರವಚನಕ್ಕೆ ಕೂತರೆ ಮಗ ಪಕ್ಕದಲ್ಲಿ ಕೂತು ಶ್ಲೋಕ ಓದುವವನು. ತಾಯಿ ಸೀತಮ್ಮ ಹಾಡುಗಾರ್ತಿ. ಪುರಂದರದಾಸರ ದೇವರನಾಮಗಳನ್ನೂ ಭದ್ರಾಚಲ ರಾಮದಾಸರ ಕೀರ್ತನೆಗಳನ್ನೂ ಮಗ ಮೊದಲು ಕೇಳಿದ್ದು ಅವರ ಬಾಯಿಂದ ಎನ್ನುತ್ತದೆ ಸಂಪ್ರದಾಯ. ಕನ್ನಡದ ಮಟ್ಟಿಗೆ ಇದು ಬರೀ ಅಭಿಮಾನದ ಮಾತಲ್ಲ. ‘ಪ್ರಹ್ಲಾದ ಭಕ್ತಿ ವಿಜಯಂ’ ಎಂಬ ತಮ್ಮ ಗೇಯನಾಟಕದಲ್ಲಿ ತ್ಯಾಗರಾಜರು ಪುರಂದರದಾಸರನ್ನು ಹೆಸರು ಹಿಡಿದು ನೆನೆದು ನಮಸ್ಕರಿಸಿದ್ದಾರೆ. ಆಂಧ್ರದ ಪೋತನನ ಭಾಗವತವೂ ಮನೆಯ ಓದಿನಲ್ಲಿತ್ತು. ಅದರ ನುಡಿಗಟ್ಟು, ದೇವರ ಜೊತೆ ಮನೆಯವರಂತೆ ಮಾತಾಡುವ ಸಲಿಗೆ, ಮುನಿಸು, ಇವೆಲ್ಲ ಮುಂದೆ ಅವರ ಕೃತಿಗಳಲ್ಲಿ ಉದ್ದಕ್ಕೂ ಕಾಣುತ್ತವೆ. ತೆಲುಗು ಅವರಿಗೆ ಕಲಿತ ಭಾಷೆಯಲ್ಲ, ಅಡಿಗೆಮನೆಯ ಭಾಷೆ.

ಮನೆಯ ಹೊರಗೆ ಇನ್ನೊಂದು ಪಾಠಶಾಲೆ ಇತ್ತು, ಅದು ಭಜನೆ. ಕಾವೇರಿ ತೀರದ ಅಗ್ರಹಾರಗಳಲ್ಲಿ ಬೋಧೇಂದ್ರರು, ಶ್ರೀಧರ ಅಯ್ಯಾವಾಳರು ಬೆಳೆಸಿದ ನಾಮಸಂಕೀರ್ತನದ ಪದ್ಧತಿ ಆಗ ಬಲವಾಗಿತ್ತು. ನಾರಾಯಣ ತೀರ್ಥರ ತರಂಗಗಳನ್ನು ಊರೂರಲ್ಲಿ ಹಾಡುತ್ತಿದ್ದರು. ಭಜನೆಯಲ್ಲಿ ಒಬ್ಬರು ಸಾಲೊಂದನ್ನು ಎತ್ತಿಕೊಂಡರೆ ಉಳಿದವರು ಅದನ್ನು ತಿರುಗಿ ಹೇಳುತ್ತಾರೆ. ಹೇಳುತ್ತ ಹೇಳುತ್ತ ಅದೇ ಸಾಲು ಮೇಲೇರುತ್ತದೆ, ತಿರುವು ಪಡೆಯುತ್ತದೆ. ತ್ಯಾಗರಾಜರ ಕೃತಿಗಳ ಪ್ರಾಣವಾದ ಸಂಗತಿಗಳನ್ನು, ಎಂದರೆ ಒಂದೇ ಸಾಲನ್ನು ಮೆಲ್ಲಮೆಲ್ಲನೆ ಬೆಳೆಸುತ್ತ ಹೋಗುವ ಪಲುಕುಗಳನ್ನು ಕೇಳಿದಾಗ ಈ ಭಜನೆಯ ರೂಢಿ ನೆನಪಾಗದೆ ಇರುವುದಿಲ್ಲ. ಸಂಗೀತದ ವ್ಯಾಕರಣ ಎಷ್ಟೇ ಗಟ್ಟಿಯಿದ್ದರೂ ಅದರ ಕೆಳಗೆ ಗುಂಪಿನಲ್ಲಿ ಹಾಡಿದ ಬಾಯಿಯ ಅಭ್ಯಾಸ ಇದೆ.

ಜೀವನ ನಡೆದದ್ದೂ ಆ ದಾರಿಯಲ್ಲೇ. ತಲೆಗೆ ರುಮಾಲು, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಜೊತೆಗೆ ಅಕ್ಕಿ ಹಾಕಿಸಿಕೊಳ್ಳುವ ಪಾತ್ರೆ. ಹೀಗೆ ರಾಮನ ಮೇಲೆ ಹಾಡುತ್ತ ಬೀದಿಯಲ್ಲಿ ಸಾಗುವ ಉಂಛವೃತ್ತಿಯನ್ನು ಅವರು ಕೊನೆಯವರೆಗೆ ಬಿಡಲಿಲ್ಲ. ಕನ್ನಡನಾಡಿನ ದಾಸರ ಗೋಪಾಳಬುಟ್ಟಿಗೂ ಇದಕ್ಕೂ ದೂರವಿಲ್ಲ. ತಂದೆ ತೀರಿಹೋದ ಮೇಲೆ ಅಣ್ಣ ಜಪ್ಯೇಶನಿಗೂ ಇವರಿಗೂ ಮನೆ ಪಾಲಾಯಿತು. ಹಾಡಿನಿಂದ ದುಡ್ಡು ತರದ ತಮ್ಮನ ಮೇಲೆ ಅಣ್ಣನಿಗೆ ಸಿಟ್ಟು. ತಮ್ಮನು ಪೂಜಿಸುವ ರಾಮನ ವಿಗ್ರಹವನ್ನು ಅಣ್ಣ ಕಾವೇರಿಗೆ ಎಸೆದನೆಂಬ ಕಥೆ ಇಲ್ಲಿಂದ ಹುಟ್ಟಿದ್ದು. ಅಣ್ಣನ ಕಡೆಯ ಮಾತನ್ನು ಯಾರೂ ಬರೆದಿಡಲಿಲ್ಲವಾದ್ದರಿಂದ ಅವನು ಎಲ್ಲ ಹರಿಕಥೆಗಳಲ್ಲೂ ಖಳನಾಯಕನಾಗಿಯೇ ಉಳಿದಿದ್ದಾನೆ.

ರಾಮಕೃಷ್ಣಾನಂದ ಎಂಬ ಯತಿಗಳಿಂದ ರಾಮತಾರಕ ಮಂತ್ರದ ಉಪದೇಶ ಪಡೆದು, 21 ವರ್ಷಗಳಲ್ಲಿ 96 ಕೋಟಿ ಜಪ ಮುಗಿಸಿದಾಗ ತ್ಯಾಗರಾಜರಿಗೆ 38 ವರ್ಷ ಎಂದು ಶಿಷ್ಯಪರಂಪರೆ ಹೇಳುತ್ತದೆ. ದಿನಕ್ಕೆ 1,25,000ದ ಲೆಕ್ಕ ಅದು. ಸೆಕೆಂಡಿಗೆ ಎರಡು ಸಲ ರಾಮನಾಮ ಬಂದರೂ ದಿನದಲ್ಲಿ 17 ಗಂಟೆ ಬೇಕು. ಸಂಖ್ಯೆಯನ್ನು ಹಾಗೇ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಇಷ್ಟಂತೂ ಸ್ಪಷ್ಟ: ಅವರು ಮಾಡಿದ ಸಾಧನೆಯಲ್ಲಿ ಜಪ ಯಾವುದು, ಸಂಗೀತಾಭ್ಯಾಸ ಯಾವುದು ಎಂದು ಗೆರೆ ಎಳೆಯಲು ಬರುವುದಿಲ್ಲ.

ಕ್ರಮವಾದ ಸಂಗೀತಪಾಠ ಸಿಕ್ಕಿದ್ದು ಸೊಂಟಿ ವೆಂಕಟರಮಣಯ್ಯನವರಿಂದ. ಅವರೂ ಅವರ ತಂದೆ ವೆಂಕಟಸುಬ್ಬಯ್ಯನವರೂ ತಂಜಾವೂರಿನ ಆಸ್ಥಾನ ವಿದ್ವಾಂಸರು, ರಾಗದ ವಿಸ್ತಾರದಲ್ಲಿ ದೊಡ್ಡ ಹೆಸರು. ರಾಗ, ತಾನ, ಪಲ್ಲವಿಯ ವಿದ್ವತ್ತು ಭಜನೆಯ ಹುಡುಗನಿಗೆ ಬಂದದ್ದು ಈ ಬಾಗಿಲಿನಿಂದ. ಕಲಿಕೆ ಬೇಗ ಮುಗಿಯಿತೆಂದೂ, ತಂಜಾವೂರಿನ ವಿದ್ವಾಂಸರ ಮುಂದೆ ಶಿಷ್ಯ ಹಾಡಿದ್ದನ್ನು ಕೇಳಿ ಗುರುವೇ ತನಗೆ ಅರಮನೆಯಿಂದ ಬಂದ ಬಿರುದಿನ ಆಭರಣವನ್ನು ತೆಗೆದು ಅವನಿಗೆ ಹಾಕಿದರೆಂದೂ ಹೇಳುತ್ತಾರೆ. ಲಕ್ಷಣಶಾಸ್ತ್ರದ ವಿಷಯಕ್ಕೆ ಬಂದರೆ ಸಂಪ್ರದಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ‘ಸ್ವರಾರ್ಣವ’ ಎಂಬ ಗ್ರಂಥವನ್ನು ಸಾಕ್ಷಾತ್ ನಾರದರೇ ಬಂದು ಕೊಟ್ಟರಂತೆ. ಕಥೆಯ ಹೂರಣ ಏನೇ ಇರಲಿ, ಶಾಸ್ತ್ರವೂ ಅವರಿಗೆ ಅನುಗ್ರಹವಾಗಿ ಬಂತು ಎಂದು ಹೇಳಬೇಕೆಂದು ಶಿಷ್ಯರಿಗೆ ಅನ್ನಿಸಿತ್ತು.

ದೀಕ್ಷಿತರ ಮನೆಯಲ್ಲಿ ಶಾಸ್ತ್ರ ಅನುಗ್ರಹವಾಗಿ ಬರಲಿಲ್ಲ, ಆಸ್ತಿಯಾಗಿ ಬಂತು. ತಂದೆ ರಾಮಸ್ವಾಮಿ ದೀಕ್ಷಿತರು ಹುಟ್ಟಿದ್ದು 1735ರಲ್ಲಿ, ವೆಲ್ಲೂರಿನ ಹತ್ತಿರದ ವಿರಿಂಚಿಪುರದಲ್ಲಿ. ಗಲಾಟೆಯ ದಿನಗಳಲ್ಲಿ ಕುಟುಂಬ ಅಲ್ಲಿಂದ ಎದ್ದು ಕಾವೇರಿ ಸೀಮೆಗೆ ಬಂತು. ಅವರು ಹಾಡುಗಾರಿಕೆ ಕಲಿತದ್ದು ಮೇಲಟ್ಟೂರು ವೀರಭದ್ರಯ್ಯನವರ ಬಳಿ. ಆಮೇಲೆ ವೀಣೆಯನ್ನೂ ಲಕ್ಷಣವನ್ನೂ ಕಲಿಸಿದವರು ವೆಂಕಟಮಖಿಯ ಮಗಳ ಸಂತತಿಯವರಾದ ವೆಂಕಟವೈದ್ಯನಾಥ ದೀಕ್ಷಿತರು. ಹೀಗೆ ‘ಚತುರ್ದಂಡಿಪ್ರಕಾಶಿಕೆ’ಯ ವಿದ್ಯೆ ಆ ಗ್ರಂಥಕರ್ತನ ಮನೆಯಿಂದಲೇ ಇವರ ಮನೆಗೆ ಇಳಿಯಿತು. ತಿರುವಾರೂರಿನಲ್ಲಿ ನೆಲೆಸಿದ ರಾಮಸ್ವಾಮಿಯವರು ಗುಡಿಯ ಉತ್ಸವಗಳಲ್ಲಿ ನಾಗಸ್ವರದವರು ಯಾವಾಗ ಯಾವ ರಾಗ ನುಡಿಸಬೇಕೆಂಬ ಪದ್ಧತಿಯನ್ನು ಕ್ರಮಗೊಳಿಸಿದರು. ಇಂದು ಕಛೇರಿ ಶುರುವಾಗುವುದೇ ಹಂಸಧ್ವನಿಯಿಂದ ಎನ್ನುವಷ್ಟು ಬಳಕೆಯಲ್ಲಿರುವ ಆ ರಾಗ ಅವರ ಸೃಷ್ಟಿಯೆಂದು ಪ್ರಸಿದ್ಧಿ. 108 ರಾಗತಾಳಗಳ ಮಾಲಿಕೆಯನ್ನೂ ಅವರು ರಚಿಸಿದ್ದಾರೆ.

ಇಂಥ ತಂದೆಯ ಹಿರಿಯ ಮಗನಿಗೆ ಪಾಠದ ಪಟ್ಟಿ ಉದ್ದವಾಗಿತ್ತು. ವೇದ, ಕಾವ್ಯ, ಅಲಂಕಾರ, ವ್ಯಾಕರಣ, ಜ್ಯೋತಿಷ, ಮಂತ್ರಶಾಸ್ತ್ರ. ಇವುಗಳ ಜೊತೆ ಹಾಡು, ವೀಣೆ, ವೆಂಕಟಮಖಿಯ ಮೇಳಪದ್ಧತಿ. ವೀಣೆ ಇಲ್ಲಿ ಮುಖ್ಯವಾದ ಮಾತು. ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದು ಗಮಕ, ಎಂದರೆ ಸ್ವರದ ತೂಗು ಬಾಗು, ತೆಗೆಯುವ ಕೈಗೆ ಅವಸರ ಒಗ್ಗುವುದಿಲ್ಲ. ದೀಕ್ಷಿತರ ಕೃತಿಗಳ ವಿಳಂಬ ನಡೆ, ಒಂದೊಂದು ಸ್ವರವನ್ನೂ ಪೂರ್ತಿ ಹಿಂಡುವ ಸಾವಧಾನ, ಇವು ವೈಣಿಕನ ಬೆರಳಿನಿಂದ ಬಂದ ಗುಣಗಳು. ತ್ಯಾಗರಾಜರಿಗೂ ವೀಣೆ ಗೊತ್ತಿತ್ತು, ಆದರೆ ಅವರ ರಚನೆ ಮೊದಲು ಕಂಠಕ್ಕೆ ಒಲಿಯುತ್ತದೆ.

ಹರೆಯದಲ್ಲಿ ದೀಕ್ಷಿತರ ಮುಂದೆ ಬೇರೆಯದೇ ಲೋಕವೊಂದು ತೆರೆಯಿತು. ಮದರಾಸಿನ ಉತ್ತರಕ್ಕಿರುವ ಮಣಲಿಯ ಮುತ್ತುಕೃಷ್ಣ ಮುದಲಿಯಾರ್ ಗವರ್ನರ್ ಪಿಗಟ್‌ನ ದುಬಾಷಿ, ಕಂಪನಿಯ ವ್ಯವಹಾರದಲ್ಲಿ ಬೆಳೆದ ಶ್ರೀಮಂತ. ಅವರು ತಿರುವಾರೂರಿಗೆ ಬಂದಾಗ ರಾಮಸ್ವಾಮಿಯವರ ಸಂಗೀತ ಕೇಳಿ ಇಡೀ ಕುಟುಂಬವನ್ನು ಮಣಲಿಗೆ ಕರೆಸಿಕೊಂಡರು. ಅವರ ಮಗ ವೆಂಕಟಕೃಷ್ಣ ಮುದಲಿಯಾರ್ ಕಾಲದಲ್ಲೂ ಆಶ್ರಯ ಮುಂದುವರಿಯಿತು. ಈ ಮನೆಯವರೊಂದಿಗೆ ಹುಡುಗರು ಸೇಂಟ್ ಜಾರ್ಜ್ ಕೋಟೆಗೆ ಹೋಗಿ ಇಂಗ್ಲಿಷರ ಬ್ಯಾಂಡ್ ಕೇಳುತ್ತಿದ್ದರು. ಕೇಳಿ ಸುಮ್ಮನಾಗಲಿಲ್ಲ. ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತದ ಕಛೇರಿಯನ್ನು ಊಹಿಸುವುದೂ ಕಷ್ಟ. ಅಣ್ಣ ಆ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಹೊಂದಿಸಿದರು.

ನೋಟ್ಟುಸ್ವರ ಎಂದು ಕರೆಯುವ ಈ ಪುಟ್ಟ ರಚನೆಗಳು ಸುಮಾರು 40 ಉಳಿದಿವೆ. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಗಮಕವೇ ಇಲ್ಲದ ನೇರ ನಡೆಯಲ್ಲಿ ಇವೆ. ಇಂಗ್ಲಿಷ್ ದೊರೆಗೆ ದೇವರ ರಕ್ಷೆ ಕೋರುವ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲೊಂದು. ಅದೇ ಧಾಟಿಯಲ್ಲಿ ದೀಕ್ಷಿತರು ರಕ್ಷಣೆ ಬೇಡಿದ್ದು ದೇವರನ್ನು, ತಮಗಾಗಿ. ಮನೆಯ ಪಾಠವೆಲ್ಲ ಗಮಕದ್ದಾಗಿದ್ದ ಹುಡುಗನೊಬ್ಬ ಗಮಕವಿಲ್ಲದ ಸಂಗೀತವನ್ನು ಹೀಗೆ ಹೀಯಾಳಿಸದೆ ಬಾಯಿಗೆ ಹಾಕಿಕೊಂಡು ನೋಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ತ್ಯಾಗರಾಜರೂ ಇಂಥ ಒಂದೆರಡು ಧಾಟಿಗಳನ್ನು ಹಿಡಿದಿದ್ದಾರೆ, ‘ವರಲೀಲ ಗಾನಲೋಲ’ ಎಲ್ಲರಿಗೂ ಗೊತ್ತಿರುವಂಥದು. ಅವರಿಗೆ ಅದು ತಂಜಾವೂರಿನ ಗಾಳಿಯಲ್ಲಿ ಬಂದ ದನಿ. ದೀಕ್ಷಿತರು ಬ್ಯಾಂಡಿನ ಎದುರಿಗೇ ಕೂತು ಕೇಳಿದವರು.

ಮಣಲಿಯ ಮನೆಗೆ ಚಿದಂಬರನಾಥ ಯೋಗಿ ಎಂಬ ಸನ್ಯಾಸಿ ಬಂದರು. ಹೊರಡುವಾಗ ಈ ಹುಡುಗನನ್ನು ನನ್ನೊಡನೆ ಕಳಿಸಿ ಎಂದರು. ತಂದೆಗೆ ಮನಸ್ಸಿಲ್ಲದಿದ್ದರೂ ಮಾತು ಮೀರಲಾಗಲಿಲ್ಲ. ದೀಕ್ಷಿತರು ಕಾಶಿಗೆ ಹೋದರು, ಐದಾರು ವರ್ಷ ಅಲ್ಲೇ ಇದ್ದರು. ಗುರುವಿನಿಂದ ದೇವಿಯನ್ನು ಆರಾಧಿಸುವ ಶ್ರೀವಿದ್ಯೆಯ ಉಪಾಸನೆ, ವೇದಾಂತ, ಊರಿನಿಂದ ಧ್ರುಪದ್. ಹಿಂದೂಸ್ತಾನಿ ಸಂಗೀತ ಆಗ ಧ್ರುಪದಿನ ಗಂಭೀರ ನಡೆಯಲ್ಲಿದ್ದ ಕಾಲ. ದ್ವಿಜಾವಂತಿ, ಯಮುನಾಕಲ್ಯಾಣಿ, ಹಮೀರ್‌ಕಲ್ಯಾಣಿಗಳಲ್ಲಿ ಅವರು ಮಾಡಿದ ಕೃತಿಗಳಿಗೆ ಗಂಗೆಯ ತಂಪಿದೆ. ಗಂಗೆಯೇ ಅವರಿಗೆ ವೀಣೆ ಕೊಟ್ಟಳೆಂದೂ ಕಥೆಯಿದೆ: ಗುರು ನದಿಗೆ ಇಳಿದು ಕೈಯೊಡ್ಡು ಎಂದರಂತೆ, ಕೈಗೆ ವೀಣೆ ಬಂತಂತೆ. ಮನೆತನದವರು ಉಳಿಸಿಕೊಂಡ ಆ ವೀಣೆಯ ಯಾಳಿಯ ಮುಖ ಎಲ್ಲ ವೀಣೆಗಳಂತೆ ಕೆಳಗೆ ಬಾಗಿಲ್ಲ, ಮೇಲಕ್ಕೆ ನೋಡುತ್ತದೆ. ಕಾಶಿಯ ಹನುಮಾನ್ ಘಾಟಿನಲ್ಲಿ ಗುರುವಿನ ಸಮಾಧಿಯಾದ ಮೇಲೆ ಶಿಷ್ಯ ದಕ್ಷಿಣಕ್ಕೆ ತಿರುಗಿದ.

ಈ ವೇಳೆಗೆ ದೀಕ್ಷಿತರ ವಯಸ್ಸು ಇಪ್ಪತ್ತು ದಾಟಿತ್ತು, ಆದರೆ ನೋಟ್ಟುಸ್ವರಗಳ ಹೊರತು ರಚನೆ ಇನ್ನೂ ಆರಂಭವಾಗಿರಲಿಲ್ಲ. ತ್ಯಾಗರಾಜರಾದರೋ ಹದಿಮೂರರ ಹೊತ್ತಿಗೇ ದೇಶಿಕತೋಡಿಯಲ್ಲಿ ಒಂದು ಕೀರ್ತನೆ ಕಟ್ಟಿ ಮನೆಯ ಗೋಡೆಯ ಮೇಲೆ ಬರೆದಿದ್ದರೆಂದು ಹೇಳುವುದುಂಟು. ದೀಕ್ಷಿತರ ಬಾಯಿ ತೆರೆದದ್ದು ತಿರುತ್ತಣಿಯ ಬೆಟ್ಟದ ಮೇಲೆ. ಮುದುಕನ ವೇಷದಲ್ಲಿ ಬಂದ ಸುಬ್ರಹ್ಮಣ್ಯ ಬಾಯಿಗೆ ಕಲ್ಲುಸಕ್ಕರೆ ಹಾಕಿದನೆಂಬ ನಂಬಿಕೆ ಇದೆ. ಕಲ್ಲುಸಕ್ಕರೆ ಕರಗಿದ ಮೇಲೆ ಬಂದ ಹಾಡನ್ನು ನೋಡಿದರೆ ಕಲಿತ ಪಾಠ ಎಲ್ಲೂ ಕರಗಿಲ್ಲ. ‘ಶ್ರೀನಾಥಾದಿ ಗುರುಗುಹೋ’ ಇರುವುದು ಮಾಯಾಮಾಳವಗೌಳದಲ್ಲಿ. ಆರಂಭದಲ್ಲೇ ಸ್ವರಗಳು ಷಡ್ಜದಿಂದ ಒಂದೊಂದೇ ಮೆಟ್ಟಿಲು ಹತ್ತಿ, ಹತ್ತಿದಂತೆಯೇ ಇಳಿಯುತ್ತವೆ. ಸರಳೆ ವರಸೆಯ ಮೊದಲ ಸಾಲು ಕಲಿತ ಯಾವ ಮಗುವೂ ಇದನ್ನು ಗುರುತಿಸಬಹುದು. ಆ ಕೃತಿಯಲ್ಲಿ ‘ಗುರುಗುಹ’ ಪ್ರಥಮಾ ವಿಭಕ್ತಿಯಲ್ಲಿದೆ. ಮುಂದಿನ ಕೃತಿಗಳಲ್ಲಿ ದ್ವಿತೀಯಾ, ತೃತೀಯಾ ಎಂದು ಸಾಗಿ ಸಂಬೋಧನೆಯವರೆಗೆ ಎಂಟು ವಿಭಕ್ತಿಗಳಿಗೆ ಎಂಟು ಕೃತಿಗಳಾದವು. ಶಬ್ದರೂಪ ಗಿಳಿಪಾಠ ಮಾಡಿದ ಸಂಸ್ಕೃತ ವಿದ್ಯಾರ್ಥಿ ಒಳಗಿಂದ ಇಣುಕುತ್ತಾನೆ. ಗುರುವನ್ನೂ ಗುಹನೆಂಬ ಸುಬ್ರಹ್ಮಣ್ಯನನ್ನೂ ಒಂದುಮಾಡಿದ ಆ ಪದವೇ ಅವರ ಅಂಕಿತವಾಯಿತು. ಮುಂದೆ ನವಗ್ರಹಗಳ ಮೇಲೆ ಬರೆದಾಗ ಜ್ಯೋತಿಷವೂ, ತಿರುವಾರೂರಿಗೆ ಮರಳಿ ಅಲ್ಲಿನ ದೇವಿ ಕಮಲಾಂಬೆಯ ನವಾವರಣ ಕೃತಿಗಳನ್ನು ರಚಿಸಿದಾಗ ಶ್ರೀವಿದ್ಯೆಯೂ ಹೀಗೇ ಹಾಡಿನೊಳಗೆ ಬಂದವು.

ಇಬ್ಬರ ಬಾಲ್ಯದ ವಿವರಗಳು ಉಳಿದುಬಂದ ದಾರಿಯೂ ಅವರ ಪಾಠದಂತೆಯೇ ಇದೆ. ತ್ಯಾಗರಾಜರ ಚರಿತ್ರೆಯನ್ನು ಬರೆದಿಟ್ಟವರು ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರು ಮತ್ತು ಅವರ ಮಗ; ಅದರಲ್ಲಿ ಭಕ್ತಿಯ ಬಿಸಿ ಹೆಚ್ಚು. ದೀಕ್ಷಿತರ ವಿವರ ಬರುವುದು ಬಾಲುಸ್ವಾಮಿಯವರ ಮೊಮ್ಮಗ, ದತ್ತಕವಾಗಿ ಮಗನಾದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ. ಅದರಲ್ಲಿ ಕೃತಿಗಳು ಗಮಕದ ಚಿಹ್ನೆಗಳ ಸಮೇತ ಸ್ವರಪಡಿಸಿ ಮೇಳದ ಅನುಕ್ರಮದಲ್ಲಿ ಕೂತಿವೆ. ತ್ಯಾಗರಾಜರ ಕೃತಿಗಳು ವಾಲಾಜಾಪೇಟೆ, ಉಮಯಾಳ್‌ಪುರಂ, ತಿಲ್ಲೈಸ್ಥಾನಂ ಎಂದು ಬೇರೆಬೇರೆ ಶಿಷ್ಯರ ಬಾಯಿಗೆ ಬಿದ್ದು, ಒಂದೊಂದು ಪಾಠಾಂತರದಲ್ಲಿ ಒಂದೊಂದು ಸಂಗತಿ ಕಟ್ಟಿಕೊಂಡು ಬೆಳೆದವು.

ಕಲಿತ ಪಾಠದ ವ್ಯತ್ಯಾಸ ಎಷ್ಟು ಆಳದ್ದು ಎಂಬುದಕ್ಕೆ 22ನೇ ಮೇಳಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ವೆಂಕಟಮಖಿಯ ಪರಂಪರೆಯಲ್ಲಿ ಮೇಳಕ್ಕೆ ಹೆಸರು ಕೊಡುವ ರಾಗ ಏಳು ಸ್ವರಗಳನ್ನೂ ಸಾಲಾಗಿ ಹತ್ತಿ ಇಳಿಯಬೇಕೆಂದೇನೂ ಇಲ್ಲ; ಆರೋಹಣ ಅವರೋಹಣ ಎರಡೂ ಸೇರಿ ಏಳು ಸ್ವರ ಸಿಕ್ಕಿದರೆ ಸಾಕು. ಆ ಲೆಕ್ಕದಲ್ಲಿ 22ನೆಯದು ಶ್ರೀರಾಗ: ಹತ್ತುವಾಗ ಗಾಂಧಾರ, ಧೈವತಗಳಿಲ್ಲ, ಇಳಿಯುವಾಗ ವಕ್ರಗತಿ. ಗೋವಿಂದನೆಂಬ ಇನ್ನೊಬ್ಬ ಲಕ್ಷಣಕಾರನ ‘ಸಂಗ್ರಹ ಚೂಡಾಮಣಿ’ಯ ಪದ್ಧತಿಯಲ್ಲಿ ಪ್ರತಿ ಮೇಳವೂ ಸಂಪೂರ್ಣ, ಏಳು ಸ್ವರಗಳು ಮೇಲಕ್ಕೂ ಕೆಳಕ್ಕೂ ನೇರವಾಗಿ ಸಾಗಬೇಕು. ಅಲ್ಲಿ 22ನೇ ಜಾಗದಲ್ಲಿ ಕೂತಿರುವುದು ಖರಹರಪ್ರಿಯ. ತ್ಯಾಗರಾಜರು ಹಿಡಿದದ್ದು ಈ ದಾರಿ. ‘ಚಕ್ಕನಿ ರಾಜ’, ‘ಪಕ್ಕಲ ನಿಲಬಡಿ’ಯಂಥ ಕೃತಿಗಳಿಂದ ಅವರು ಖರಹರಪ್ರಿಯಕ್ಕೆ ಜೀವ ತುಂಬಿದರು, ಶ್ರೀರಾಗವನ್ನೂ ಬಿಡದೆ ‘ಎಂದರೋ ಮಹಾನುಭಾವುಲು’ ಕೊಟ್ಟರು. ದೀಕ್ಷಿತರು ಶ್ರೀರಾಗದಲ್ಲಿ ‘ಶ್ರೀ ವರಲಕ್ಷ್ಮಿ’ಯನ್ನೂ ನವಾವರಣದ ಮಂಗಳಕೃತಿಯನ್ನೂ ರಚಿಸಿದ್ದಾರೆ. ಖರಹರಪ್ರಿಯದಲ್ಲಿ ಅವರ ಕೃತಿ ಒಂದೂ ಇಲ್ಲ.